ಕೇಕಿನ ಮೇಲಿನ ಕುದುರೆಗೂ ಸುಳಿ ನೋಡುವ ಊರು

ಚಾಮರಾಜನಗರದಲ್ಲಿ ನನ್ನ ಕೇಕನ್ನು ಮೊತ್ತಮೊದಲು ತಿಂದದ್ದು ಒಂದು ಎಮ್ಮೆ. ಮಂಗಳೂರಿನಲ್ಲಿ ಕುಳಿತು ಇದನ್ನು ಓದುವ ನನ್ನ ಅಕ್ಕತಂಗಿಯರು ಬಿದ್ದು ಬಿದ್ದು ನಗುತ್ತಾರೆಂದು ಗೊತ್ತು. ನನಗೆ ಆ ದಿನ ನಗು ಬಂದಿರಲಿಲ್ಲ. ಹೊಸ ಊರಿನ ಮೊದಲ ಕ್ರಿಸ್ಮಸ್ಸಿಗೆ, ನಮ್ಮ ಕಡೆಯ ಪದ್ಧತಿಯಂತೆ, ತಿಂಡಿಯ ತಟ್ಟೆಗೆ ಕಸೂತಿ ಬಟ್ಟೆ ಮುಚ್ಚಿ ಎದುರು ಮನೆಗೆ ಕೊಟ್ಟು ಬಂದಿದ್ದೆ. ತಟ್ಟೆಯನ್ನು ಅವರು ಬರಿದಾಗಿ ಹಿಂದಿರುಗಿಸಲಿಲ್ಲ, ಒಂದು ಅಚ್ಚು ಬೆಲ್ಲ ಇಟ್ಟು ಮರ್ಯಾದೆಯಿಂದಲೇ ಕೊಟ್ಟರು. ಮಾರನೆಯ ಬೆಳಿಗ್ಗೆ ನೀರಿಗೆ ಹೋಗುವಾಗ ನೋಡುತ್ತೇನೆ, ಅವರ ಕೊಟ್ಟಿಗೆಯ ಕಲಗಚ್ಚಿನ ಬಾನಿಯಲ್ಲಿ ನನ್ನ ಕಪ್ ಕೇಕುಗಳು ತೇಲುತ್ತಿವೆ. ಎಮ್ಮೆ ಅರೆಗಣ್ಣು ಮುಚ್ಚಿಕೊಂಡು ಮೆಲ್ಲುತ್ತಿತ್ತು. ಅದಕ್ಕಾದರೂ ರುಚಿ ಗೊತ್ತಾಯಿತಲ್ಲ ಎಂದುಕೊಂಡು ಮನೆಗೆ ಬಂದು ಅತ್ತುಬಿಟ್ಟೆ.

ನನ್ನ ಗಂಡನಿಗೆ ಇಲ್ಲಿಯ ಅಕ್ಕಿ ಗಿರಣಿಯ ಇಂಜಿನ್ ನೋಡಿಕೊಳ್ಳುವ ಕೆಲಸ ಸಿಕ್ಕಿದ್ದರಿಂದ ಬಂದವರು ನಾವು. ಆಗಿನ್ನೂ ನಮ್ಮ ಜಿಲ್ಲೆ ಮದರಾಸಿಗೆ ಸೇರಿತ್ತು, ಇದು ಮಹಾರಾಜರ ಸೀಮೆ. ಭಾಷೆ ಎರಡೂ ಕಡೆ ಕನ್ನಡವೇ, ಆದರೆ ಮೊದಲ ತಿಂಗಳು ನನಗೆ ಅವರದು ಅರ್ಥವಾಗಲಿಲ್ಲ, ಅವರಿಗೆ ನನ್ನದು ಕೇಳಿದರೆ ನಗು. ಎದುರು ಮನೆಯ ಸೊಸೆ ಗೌರಮ್ಮ ನನ್ನ ಮುಖಕ್ಕೇ ಹೇಳಿದ್ದಳು: "ನೀವು ಒಳ್ಳೆ ಇಸ್ಕೂಲ್ ಮೇಷ್ಟ್ರು ಪಾಠ ಓದ್ದಂಗೆ ಮಾತಾಡ್ತೀರಿ ಕಣಮ್ಮ!" ಸ್ವಲ್ಪ ಎನ್ನುವುದಕ್ಕೆ ಇಲ್ಲಿ 'ಒಸಿ' ಎನ್ನುತ್ತಾರೆ. 'ಸ್ವಲ್ಪ ಉಪ್ಪು ಕೊಡಿ' ಎಂದು ಕೇಳಿದ್ದಕ್ಕೆ ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

ನಮ್ಮಲ್ಲಿ ಬಾವಿಗೆ ಕೊಡ ಬಿಟ್ಟರೆ ಸಿಹಿನೀರು. ಇಲ್ಲಿಯ ಗಡಸು ನೀರಿನಲ್ಲಿ ಬೇಳೆ ಬೇಯುವಷ್ಟರಲ್ಲಿ ಸೌದೆ ಮುಗಿಯುತ್ತದೆ. ನಮ್ಮಲ್ಲಿ ಗಾಳಿಯಲ್ಲಿ ಮೀನಿನ ವಾಸನೆ, ಇಲ್ಲಿ ಅರಿಸಿನ ಬೇಯಿಸುವ ವಾಸನೆ. ಒಣಹಾಕಿದ ಬಟ್ಟೆಗೂ ಅದೇ ಹಿಡಿಯುತ್ತದೆ. ಕುಚ್ಚಲಕ್ಕಿ ಎಂದರೆ ಯಾರಿಗೂ ತಿಳಿಯದು. ಗುಂಡ್ಲುಪೇಟೆಯಲ್ಲಿ ಒಬ್ಬ ಮಲಯಾಳಿಯ ಅಂಗಡಿಯುಂಟು, ಅಲ್ಲಿಗೆ ಕಲ್ಲಿಕೋಟೆಯ ಕಡೆಯಿಂದ ಕುಚ್ಚಲಕ್ಕಿ, ಒಣಮೀನು, ಗೇರುಬೀಜ ಬರುತ್ತವೆ ಎಂದು ಗೊತ್ತಾದ ದಿನ ನನ್ನ ಗಂಡ ರಜೆ ಹಾಕಿ ಬಸ್ಸು ಹತ್ತಿದರು. ಆ ರಾತ್ರಿ ಗಂಜಿಯ ಮಡಕೆಯನ್ನು ನಾವಿಬ್ಬರೇ ಕೆರೆದು ಮುಗಿಸಿದೆವು.

ಹೊಟ್ಟೆಯ ಹಸಿವಿಗೆ ಹೀಗೆ ದಾರಿಯಾಯಿತು. ನನಗಿದ್ದದ್ದು ಬೇರೆಯೇ ಹಸಿವು. ಮದುವೆಯಾಗುವ ಮೊದಲು ನಮ್ಮ ಬೀದಿಯಲ್ಲಿ ಯಾರ ಮನೆಯ ಹಬ್ಬವಾದರೂ ಕೇಕಿಗೆ ನನ್ನ ಕೈಯೇ ಬೇಕಿತ್ತು. ಇಲ್ಲಿ ನೆರೆಮನೆಯ ಹೆಂಗಸರು ಜಗಲಿಯಲ್ಲಿ ಕೂರುತ್ತಾರೆ, ಪ್ರೀತಿಯಿಂದ ಮಾತಾಡುತ್ತಾರೆ, ತಟ್ಟೆ ಮುಂದಿಟ್ಟರೆ ಮಾತ್ರ 'ಈಗ್ತಾನೆ ಉಂಡ್ಕಂಡ್ ಬಂದೆ' ಎಂದು ಎದ್ದುಬಿಡುತ್ತಾರೆ. ಎಮ್ಮೆಯ ವಿಷಯವನ್ನು ಗೌರಮ್ಮನೇ ಒಂದು ದಿನ ಬಾಯಿಬಿಟ್ಟು ಹೇಳಿದಳು: "ನಾವು ಲಿಂಗ ಕಟ್ಟೋರು ಕಣಮ್ಮ, ಮೊಟ್ಟೆ ಮುಟ್ಟಾಕಿಲ್ಲ. ಬಿಸಾಕಕ್ಕೂ ಮನಸ್ ಬರ್ನಿಲ್ಲ. ಎಮ್ಮೆಗಾಕ್ಬುಟ್ಟೊ." ಈ ಬೀದಿ ನನ್ನ ಕೈಯದನ್ನು ತಿನ್ನುವ ತನಕ ನಾನು ಇಲ್ಲಿಗೆ ಬಂದು ಇಳಿದವಳು ಮಾತ್ರ, ಇಲ್ಲಿಯವಳಲ್ಲ ಎಂಬ ಹಟ ನನ್ನಲ್ಲಿ ಬೇರೂರಿದ್ದು ಆಗಲೇ.

ಗೌರಮ್ಮನ ಮಾವ ಪುಟ್ಟಮಲ್ಲಪ್ಪನವರು ಅರಿಸಿನದ ವ್ಯಾಪಾರಿ. ಸಂತೆಮರಹಳ್ಳಿಗೆ ಬಸ್ಸಿದ್ದರೂ ಹತ್ತುವವರಲ್ಲ, ಅವರದೇ ಕುದುರೆಗಾಡಿ. ಚೆಲುವಿ ಎಂಬ ಆ ಹೆಣ್ಣು ಕುದುರೆಯ ಮೇಲೆ ಅವರಿಗೆ ಮಕ್ಕಳಿಗಿಂತ ಹೆಚ್ಚಿನ ಮುದ್ದು. ಗೊಡ್ಡು ಎಂದು ಎಲ್ಲರೂ ಕೈಬಿಟ್ಟಿದ್ದ ಚೆಲುವಿ ನಾವು ಬಂದ ಎರಡನೆಯ ವರ್ಷ ಮರಿ ಹಾಕಿತು. ಮುದುಕರು ಬೀದಿಗೆಲ್ಲ ಸಿಹಿ ಹಂಚಬೇಕೆಂದು ಹೊರಟರು. ಗೌರಮ್ಮ ಅವರ ಕಿವಿಯಲ್ಲಿ ಅದೇನು ಊದಿದಳೋ, ಸಂಜೆ ಓಡಿ ಬಂದಳು.

"ನಿಮ್ಮ ಕೈಲಿ ಮಾಡ್ಸನ ಅಂದೆ, ಮಾವ ಊಂ ಅಂದ್ರು! ಒಂದೊಂದ್ ಕೇಕಿನ್ ಮ್ಯಾಲೂ ಒಂದೊಂದ್ ಕುದ್ರೆ ಇರ್ಬೇಕು. ಮೊಟ್ಟೆ ಮಾತ್ರ ಬ್ಯಾಡಿ. ಪಾತ್ರೆ, ತುಪ್ಪ, ಮೊಸರು ಎಲ್ಲ ನಮ್ಮನೇದೆ ತಂದ್ಕೊಡ್ತೀನಿ."

'ಪಾತ್ರೆ ನಮ್ಮನೇದೆ' ಎಂದದ್ದಕ್ಕೆ, ನನ್ನ ಪಾತ್ರೆಯೇನು ಮೈಲಿಗೆಯೇ ಎಂದು ಸಿಟ್ಟು ನೆತ್ತಿಗೇರಿತು. ನುಂಗಿಕೊಂಡೆ.

ಮೊಟ್ಟೆಯಿಲ್ಲದ ಕೇಕು ಹೇಗೆ ಉಬ್ಬಬೇಕು? ಮೊದಲನೆಯ ಸಲ ಒರಳುಕಲ್ಲಿನ ಹಾಗೆ ಬಂತು. ಹುಳಿಮೊಸರು, ಸೋಡಾ, ಬಾಳೆಹಣ್ಣು ಎಂದು ಏನೇನೋ ಮಾಡಿ, ಬಾಣಲೆಗೆ ಮರಳು ಹಾಸಿ, ಮುಚ್ಚಳದ ಮೇಲೂ ಕೆಂಡ ಹಾಕಿ ಕೊನೆಗೆ ಗೆದ್ದೆ. ಕುದುರೆಗಳನ್ನು ನಮ್ಮ ಹಬ್ಬದ ಪಾಕದಲ್ಲೇ ಮಾಡಬೇಕೆಂದು ಗುಂಡ್ಲುಪೇಟೆಯಿಂದ ಗೇರುಬೀಜ ತರಿಸಿದೆ. ನುಣ್ಣಗೆ ಅರೆದು, ಸಕ್ಕರೆಯೊಂದಿಗೆ ಕಾಯಿಸಿ, ಬಿಸಿ ಇರುವಾಗಲೇ ನಾದಿ ಕೈಯಲ್ಲೇ ಕುದುರೆ ತಿದ್ದಿದೆ. ಮೈಗೆ ಕಾಫಿ ಡಿಕಾಕ್ಷನ್ನಿನ ಕಂದು, ಲಗಾಮಿಗೆ ಊರಿನದೇ ಅರಿಸಿನ, ಕಣ್ಣಿಗೆ ಸಾಸಿವೆ. ಹೊಸ ಬಾಚಣಿಗೆಯ ಹಲ್ಲು ಒತ್ತಿದರೆ ಕೇಸರ ಎದ್ದುಬರುತ್ತಿತ್ತು. ಕಡೆಗೆ ಪ್ರತಿಯೊಂದರ ಕಣ್ಣಿನ ಕೆಳಗೂ ಹೇರ್‌ಪಿನ್ನಿನಿಂದ ಪುಟ್ಟದೊಂದು ಸುರುಳಿ ಬಿಡಿಸಿದೆ. ನವಿಲಾಗಲಿ, ಮೀನಾಗಲಿ, ನನ್ನ ಅಮ್ಮ ಮಾಡಿದ ಸಿಹಿಗೊಂಬೆಗೆಲ್ಲ ಕಣ್ಣಿನ ಕೆಳಗೆ ಆ ಸುರುಳಿ ಇರಲೇಬೇಕು. ಅದು ನಮ್ಮ ಮನೆಯ ಕೈಗುರುತು.

ಮಧ್ಯಾಹ್ನ ಜಗಲಿಯ ಹಲಗೆಯ ಮೇಲೆ ಕುದುರೆಗಳ ಸಾಲು ಒಣಗುತ್ತಿತ್ತು. ಗೌರಮ್ಮ ನಗುತ್ತಾ ಬಂದವಳು ಬಗ್ಗಿ ನೋಡಿ ಬಿಳಿಚಿಕೊಂಡಳು.

"ಅಯ್ಯೋ ನಮ್ಮಪ್ಪಾ ಮಾದಪ್ಪ! ಇದೇನಮ್ಮ ಇಂಗ್ ಮಾಡ್ಬುಟ್ರಿ?"

ಓಡಿಹೋಗಿ ಮಾವನನ್ನೇ ಕರೆತಂದಳು. ಮುದುಕರು ಕೋಲು ಗೋಡೆಗೆ ಒರಗಿಸಿ, ಒಂದು ಕುದುರೆಯನ್ನೆತ್ತಿ ಬೆಳಕಿಗೆ ಹಿಡಿದು, ಹಣೆ, ಎದೆ, ಹೊಟ್ಟೆಯಡಿ ಎಲ್ಲ ಸಂತೆಯಲ್ಲಿ ನೋಡುವಂತೆಯೇ ನೋಡಿದರು. ಕುದುರೆಯ ಮೈಕೂದಲು ಸುತ್ತಿಕೊಂಡ ಜಾಗಕ್ಕೆ ಸುಳಿ ಎನ್ನುತ್ತಾರೆ. ಅದು ಎಲ್ಲಿದೆ ಎಂದು ನೋಡಿಯೇ ಇಲ್ಲಿಯವರು ಕುದುರೆ ಕೊಳ್ಳುವುದು. ನಮ್ಮ ಕರಾವಳಿಯಲ್ಲಿ ದೋಣಿ ನೋಡಿ ಕೊಂಡವರುಂಟು, ಕುದುರೆ ಕೊಂಡವರನ್ನು ನಾನು ಕಂಡದ್ದಿಲ್ಲ.

"ಕಣ್ ಕೆಳ್ಗಡೆ ಸುಳಿ. ಕಣ್ಣೀರ್ ಸುಳಿ ಕಣವ್ವ ಇದು," ಎಂದರು. "ಇಂಥ ಕುದ್ರೆ ಕಟ್ಟುದ್ ಮನೇಲಿ ಅಳು ನಿಲ್ಲಾಕಿಲ್ಲ. ಪುಗಸಟ್ಟೆ ಕೊಟ್ರೂ ನಾ ಇಡ್ಕಂಡ್ ಬರಾಕಿಲ್ಲ."

"ಇದು ಗೇರುಬೀಜದ ಕುದುರೆ, ಯಜಮಾನರೇ. ಇದನ್ನು ಯಾರೂ ಕಟ್ಟುವುದಿಲ್ಲ, ತಿನ್ನುತ್ತಾರೆ."

"ಬೊಂಬೆ ಆದ್ರೂ ಕುದ್ರೆ ಕುದ್ರೆನೇ. ನನ್ ಚೆಲುವಿ ಎಸ್ರಲ್ಲಿ ಮನೆಮನೆಗೂ ಅಳು ಅಂಚ್ಲಾ ನಾನು?"

ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನಿಂತಿದ್ದರು. ಅವರು ಅಪಶಕುನ ಎಂದದ್ದು ನನ್ನ ಅಮ್ಮನ ಗುರುತನ್ನು. ಆದರೆ ಸೋತು ಒಳಗೆ ಹೋಗುವವಳಲ್ಲ ನಾನು.

"ಹಾಗಾದರೆ ಸುಳಿ ಎಲ್ಲಿರಬೇಕು, ಹೇಳಿ. ಸಂಜೆಯೊಳಗೆ ಬೇರೆ ಮಾಡುತ್ತೇನೆ. ಇವು ಒಣಗಿವೆ, ತಿದ್ದಲು ಬರುವುದಿಲ್ಲ. ಇವನ್ನೂ ನಿಮ್ಮ ಎಮ್ಮೆಗೇ ಹಾಕಿ!"

ಗೌರಮ್ಮ ತಲೆತಗ್ಗಿಸಿದಳು. ಮುದುಕರು ನನ್ನನ್ನೊಮ್ಮೆ, ಕೈಯಲ್ಲಿದ್ದ ಕುದುರೆಯನ್ನೊಮ್ಮೆ ನೋಡಿದರು. ಆಮೇಲೆ ನನ್ನ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತೇಬಿಟ್ಟರು.

"ಎಮ್ಮೆಗ್ಯಾಕೆ? ಲಾಯದಲ್ ಕಟ್ಟುದ್ರೆ ತಾನೆ ದೋಸ? ಒಟ್ಟೇಲ್ ಕಟ್ಟುದ್ರೆ ಏನೂ ಇಲ್ಲ ಬುಡು," ಎಂದು ಕುದುರೆಯ ತಲೆಯನ್ನು ಕಚ್ಚಿದರು.

ಬೀದಿ ಉಸಿರು ಹಿಡಿದು ನೋಡುತ್ತಿತ್ತು. ಅವರು ನಿಧಾನವಾಗಿ ಅಗಿದು, ಬಾಲದವರೆಗೂ ಮುಗಿಸಿ, ಇನ್ನೊಂದನ್ನೆತ್ತಿಕೊಂಡರು. ಅದೂ ಮುಗಿದ ಮೇಲೆ ನೀರು ಬೇಕೆಂದು ಸನ್ನೆ ಮಾಡಿದರು. ಗೌರಮ್ಮ ಚೊಂಬು ತರಲು ತನ್ನ ಮನೆಯತ್ತ ತಿರುಗಿದಳು.

"ಎಲ್ಲಿಗೋಯ್ತಿಯ? ಇಲ್ಲಿ ನೀರಿಲ್ವಾ?" ಎಂದು ಗದರಿ, ನನ್ನ ಕಡೆ ತಿರುಗಿದರು. "ಒಸಿ ನೀರ್ ಕೊಡವ್ವ."

ನನ್ನ ಮನೆಯ ಹಿತ್ತಾಳೆ ಚೊಂಬಿನಲ್ಲಿ ನನ್ನ ಕೊಡದ ನೀರು ಕೊಟ್ಟೆ. ಎಲ್ಲರೆದುರು ಎತ್ತಿ ಕುಡಿದರು. ನನ್ನ ಮದುವೆಯ ದಿನವೂ ನಾನು ಅಷ್ಟು ಹಿಗ್ಗಿರಲಿಲ್ಲ, ಗಂಡನಿಗೆ ಬೇಸರವಾದರೆ ಆಗಲಿ. ಸಂಜೆಯವರೆಗೆ ಅವರು ಅಲ್ಲೇ ಕುಳಿತು, "ಅಣೆ ನಡುಮದ್ಯ, ಒಂದೇ ಒಂದು ಸುಳಿ, ಆಂ, ಅಂಗೆ" ಎನ್ನುತ್ತಾ ಹೊಸ ಕುದುರೆಗಳನ್ನು ಒಂದೊಂದಾಗಿ ಪಾಸು ಮಾಡಿದರು. ಸುಳಿ ತಪ್ಪಿದ ಹಳೆಯವನ್ನು ನೋಡಲು ಬಂದವರೇ ತಿಂದು ಮುಗಿಸಿದರು.

ಮರುದಿನ ಮನೆಮನೆಗೂ ಕೇಕು ಹೋಯಿತು. ಕೇಕು ತಿಂದು, ಕುದುರೆಯನ್ನು ದೇವರ ಗೂಡಿನಲ್ಲಿಟ್ಟು ಇರುವೆ ಮುತ್ತಿಸಿಕೊಂಡವರೂ ಇದ್ದಾರೆ. ಈಗ ಹುಟ್ಟು, ನಾಮಕರಣ ಏನಿದ್ದರೂ ಗುಂಡ್ಲುಪೇಟೆಯಿಂದಲೂ ಜನ ನಮ್ಮ ಬಾಗಿಲು ಕೇಳಿಕೊಂಡು ಬರುತ್ತಾರೆ. ಬಸ್ಸಿಳಿದು 'ಕುದ್ರೆ ಕೇಕಮ್ಮ' ಎಂದರೆ ಸಾಕು. ಪಾತ್ರೆ ತಂದುಕೊಡುತ್ತೇವೆ ಎಂದು ಯಾರೂ ಹೇಳುವುದಿಲ್ಲ.

ಕಳೆದ ಕ್ರಿಸ್ಮಸ್ಸಿಗೆ ಮಂಗಳೂರಿಗೆ ಬಂದಿದ್ದೆನಲ್ಲ. ಈಗ ಎರಡೂ ಊರು ಒಂದೇ ರಾಜ್ಯ, ಆದರೂ ನಾನು ಬಾಯಿ ತೆರೆದರೆ ತಂಗಿ 'ಘಟ್ಟದ ಹೆಂಗಸು ಬಂದಳು' ಎಂದು ಹಾಸ್ಯ ಮಾಡುತ್ತಿದ್ದಳು. ಅಮ್ಮನ ಜೊತೆ ಪಾಕ ನಾದುತ್ತಾ ನಾನೊಂದು ಕುದುರೆ ತಿದ್ದಿದೆ. ಹೇರ್‌ಪಿನ್ನು ಕಣ್ಣಿನ ಕೆಳಗೆ ಹೋಗಲಿಲ್ಲ. ಹಣೆಯ ನಡುವೆ ಸುಳಿ ಬಿಡಿಸಿತು. ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದಳು.

"ಕೈ ತಪ್ಪಿತಾ ಮಗಾ?" ಎಂದು ಕೇಳಿ, ನನ್ನಿಂದ ಪಿನ್ನು ತೆಗೆದುಕೊಂಡು ಕಣ್ಣಿನ ಕೆಳಗೆ ತನ್ನ ಸುರುಳಿಯನ್ನು ಚೆಂದವಾಗಿ ಬಿಡಿಸಿಕೊಟ್ಟಳು.

ಆ ಕುದುರೆಯನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಪುಟ್ಟಮಲ್ಲಪ್ಪನವರ ಬೀದಿಗೆ ಅದನ್ನು ಒಯ್ಯುವಂತಿರಲಿಲ್ಲ, ಅಮ್ಮನ ಮನೆಯಲ್ಲಿ ಬಿಟ್ಟುಬರಲು ಮನಸ್ಸಾಗಲಿಲ್ಲ. ಬಸ್ಸು ಘಟ್ಟ ಹತ್ತುವಾಗ ನಾನೇ ತಿಂದುಬಿಟ್ಟೆ.