ಎಮಿಲ್ ಆರಿಸಿದ ಸಣ್ಣ ಟ್ಯಾಂಕು

ನಮ್ಮ ಮೈದಾನದಲ್ಲಿ ಗಾಳಿ ತುಂಬುವ ಷೆಡ್ಡು ನನ್ನದು. ಇಪ್ಪತ್ತೆರಡು ವರ್ಷದಿಂದ ಪ್ರತಿ ಭಾನುವಾರ ಅಲ್ಲಿ ನಿಂತಿದ್ದೇನೆ. ಬಣ್ಣದ ಗುಂಡು ಹೊಡೆದಾಡುವ ಪೇಂಟ್‌ಬಾಲ್ ಆಡಲು ಬಂದವರು ಮೊದಲು ನನ್ನ ಬಾಯಿಗೆ ಬೀಳಬೇಕು, ಆಮೇಲೆ ಆಟ. ಹೆಸರು ಡೊರೊಥಿ, ಎಲ್ಲರೂ ಡಾಟಿ ಎನ್ನುತ್ತಾರೆ. ಬೆನ್ನ ಹಿಂದೆ ಇನ್ನೇನೇನೋ ಎನ್ನುತ್ತಾರೆಂದೂ ಗೊತ್ತು, ಅದರ ಬಗ್ಗೆ ನನಗೆ ಚಿಂತೆಯಿಲ್ಲ.

ಚಿಂತೆ ಇರುವುದು ಟ್ಯಾಂಕಿನ ಬಗ್ಗೆ. ಮಾರ್ಕರ್ ಎಂಬ ಆಟದ ಬಂದೂಕಿನ ಹಿಂದೆ ಸಿಕ್ಕಿಸುವ ಗಾಳಿ ಟ್ಯಾಂಕನ್ನು ಜನ ಬಣ್ಣ ನೋಡಿ ಆರಿಸುತ್ತಾರೆ. ಅದರ ಮೈಮೇಲೆ ತಯಾರಾದ ವರ್ಷ ಬರೆದಿರುತ್ತದೆ, ಐದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು, ಅವಧಿ ಮುಗಿದದ್ದನ್ನು ನಾನು ತುಂಬುವುದಿಲ್ಲ. ಇದನ್ನೆಲ್ಲ ಹೇಳಿದರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಕವಾಟಕ್ಕೂ ಟ್ಯಾಂಕಿನ ಮೈಗೂ ಸೇರಿಸಿ ನಾನು ಕೆಂಪು ಉಗುರುಬಣ್ಣದಲ್ಲಿ ಒಂದು ಗೆರೆ ಎಳೆಯುತ್ತೇನೆ. ಗೆರೆ ಮುರಿದಿದ್ದರೆ ಕವಾಟ ಸಡಿಲವಾಗಿದೆ ಎಂದರ್ಥ. ಅಂಥ ಟ್ಯಾಂಕು ತಂದವನಿಗೆ ಸಿಗುವುದು ಗಾಳಿಯಲ್ಲ, ಬೈಗುಳ.

ಎಮಿಲ್ ವಾವ್ರೆಕ್ ಒಂದು ದಿನವೂ ನನ್ನ ಕೈಲಿ ಬೈಸಿಕೊಂಡವನಲ್ಲ. ಇಪ್ಪತ್ತನಾಲ್ಕು ವರ್ಷ ಕಲ್ಲಿದ್ದಲು ಗಣಿಯಲ್ಲಿ ದುಡಿದವನು. ನಮ್ಮ ಪಶ್ಚಿಮ ಪೆನ್ಸಿಲ್ವೇನಿಯಾದ ಈ ಮೈದಾನವೇ ಅವನ ಹಳೆಯ ಗಣಿಯ ಮೇಲಿದೆ. ಕೆಳಗೆ ಅವನು ಅಗೆದ ಸುರಂಗ, ಮೇಲಿನ ಗುಡ್ಡದಲ್ಲಿ ಅವನು ಭಾನುವಾರ ಅಡಗಿ ಕೂರುವ, ಕೇಬಲ್ ಸುತ್ತಿಡುತ್ತಿದ್ದ ದೊಡ್ಡ ಮರದ ಚಕ್ರಗಳು. ಗಣಿ ಮುಚ್ಚಿದಾಗ ರಾತ್ರಿ ಪಾಳಿಯ ಹನ್ನೊಂದು ಜನ ಸೇರಿ ಒಂದು ತಂಡ ಕಟ್ಟಿದರು, ಹೆಸರು ‘ಮೂರನೇ ಪಾಳಿ’. ಹನ್ನೊಂದರಲ್ಲಿ ಕೆಲವರು ಸತ್ತರು, ಕೆಲವರು ಫ್ಲಾರಿಡಾದ ಬಿಸಿಲಿಗೆ ಹೋದರು. ಉಳಿದವನು ಎಮಿಲ್ ಒಬ್ಬನೇ. ಅವನ ಸುತ್ತ ಈಗ ಇರುವವರೆಲ್ಲ ಅವನ ಮಗನ ವಯಸ್ಸಿನವರು. ಅವನನ್ನು ತಾತ ಎಂದು ಕರೆಯುತ್ತಾರೆ, ಅವನ ಹೆಂಡತಿ ಬರ್ನಿಸ್ ಕಳಿಸುವ ಎಲೆಕೋಸಿನ ಹಲುಷ್ಕಿಯನ್ನು ಪಾತ್ರೆ ನೆಕ್ಕಿ ತಿನ್ನುತ್ತಾರೆ.

ಕಳೆದ ಏಪ್ರಿಲ್‌ನಲ್ಲಿ ಅವನ ಹಳೆಯ ಟ್ಯಾಂಕಿನ ಕವಾಟ ಕೆಟ್ಟಿತು. ಹೊಸದು ಬೇಕೆಂದು ಬಂದ. ನನಗೆ ಖುಷಿಯಾಯಿತು. ಗೊತ್ತಿರುವವನಿಗೆ ಟ್ಯಾಂಕು ಆರಿಸಿಕೊಡುವುದು ಒಂದು ಸುಖ. ಮೇಜಿನ ಮೇಲೆ ಮೂರು ಇಟ್ಟೆ. ಅಂಗೈಯಗಲದ ಪುಟ್ಟ ಅಲ್ಯೂಮಿನಿಯಂ ಟ್ಯಾಂಕು, ನೂರೈವತ್ತು ಗುಂಡಿಗೆ ಖಾಲಿ. ಅದರ ಅಣ್ಣ, ನಾನೂರೈವತ್ತು ಗುಂಡು ಬರುತ್ತದೆ, ಆದರೆ ಭಾರ. ಆಮೇಲೆ ಕಾರ್ಬನ್ ನಾರು ಸುತ್ತಿದ ದೊಡ್ಡದು; ಸಾವಿರ ಗುಂಡು ದಾಟುತ್ತದೆ, ಆದರೂ ನಡುವಿನದಕ್ಕಿಂತ ಹಗುರ.

“ಇನ್ನೇನು ಯೋಚ್ನೆ? ದೊಡ್ಡದು ತಗೋ,” ಎಂದೆ. “ಬೆಳಿಗ್ಗೆ ಒಂದ್ಸಲ ತುಂಬಿಸ್ಕೊಂಡ್ರೆ ಸಂಜೆವರೆಗೂ ನನ್ನ ಮುಖ ನೋಡೋ ಕರ್ಮ ಇಲ್ಲ ನಿಂಗೆ.”

ಎಮಿಲ್ ಪುಟ್ಟದನ್ನು ಕೈಗೆತ್ತಿಕೊಂಡ. “ಇದು ಸಾಕು ಕಣೇ.”

“ಅದು ಪಿಸ್ತೂಲಿಗೆ ಹಾಕೋ ಆಟದ ಸಾಮಾನು. ನಿನ್ನ ಮಾರ್ಕರ್‌ಗೆ ಅದು ಯಾವ ಮೂಲೆಗೆ?”

“ಭುಜ ನೋಯುತ್ತೆ. ದೊಡ್ಡದು ಹಾಕಿದ್ರೆ ಮೂಗಿಗಿಂತ ಮೂಗುತಿ ಭಾರ.”

“ಭಾರ ಎಲ್ಲಿದೆ? ಎತ್ತಿ ನೋಡು ಮಾರಾಯ!”

ಎತ್ತಿ ನೋಡಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹಾಗೆ ಪುಟ್ಟದನ್ನೇ ಹಿಡಿದು ನಿಂತ. ನಾನು ಗೆರೆ ಎಳೆದು, ತುಂಬಿ, ಮುಖ ಊದಿಸಿಕೊಂಡು ಕೊಟ್ಟೆ. ಇಷ್ಟು ವರ್ಷದ ಅನುಭವಕ್ಕೆ ಒಂದು ಮರ್ಯಾದೆ ಬೇಡವೇ?

ಆಮೇಲೆ ಬೇಸಿಗೆಯುದ್ದಕ್ಕೂ ಅವನದೇ ಓಡಾಟ. ನಮ್ಮಲ್ಲಿ ಒಂದು ನಿಯಮವಿದೆ. ಆಟದ ನಡುವೆ ಗಾಳಿ ಮುಗಿದವನು ಮಾರ್ಕರಿನ ಮೂತಿಗೆ ಚೀಲ ಕಟ್ಟಿ, ಕೈ ಎತ್ತಿ “ಗಾಳಿ!” ಎಂದು ಕೂಗಿ ಹೊರಗೆ ನಡೆಯಬಹುದು. ಯಾರೂ ಅವನಿಗೆ ಹೊಡೆಯುವುದಿಲ್ಲ, ಅವನು ಸತ್ತವರ ಲೆಕ್ಕಕ್ಕೂ ಬರುವುದಿಲ್ಲ. ಟ್ಯಾಂಕು ತುಂಬಿಸಿಕೊಂಡು ಬಂದರೆ ಬಿಟ್ಟ ಜಾಗದಿಂದಲೇ ಆಟ. ಆದರೆ ಸುಸ್ತಾಯಿತೆಂದು ಹೊರಗೆ ಬಂದು ಕೂತವನ ಗತಿ ಬೇರೆ. “ಹಾಲು ಕುಡಿಸೋಕೆ ಅಮ್ಮ ಕರೆದ್ಲಾ?” ಎಂದು ಇಡೀ ಗುಡ್ಡ ಕೇಳುತ್ತದೆ.

ಎಮಿಲ್ ಅರ್ಧ ಗಂಟೆಗೊಮ್ಮೆ ಕೈ ಎತ್ತಿಕೊಂಡು ಇಳಿದು ಬರುತ್ತಿದ್ದ. ಟ್ಯಾಂಕು ಕೊಟ್ಟು ಷೆಡ್ಡಿನ ಬೆಂಚಿನ ಮೇಲೆ ಕೂರುತ್ತಿದ್ದ, ಮಾತಾಡುತ್ತಿರಲಿಲ್ಲ. “ನಿಧಾನ ತುಂಬು, ಅವಸರ ಮಾಡಿದ್ರೆ ಬಿಸಿಯಾಗುತ್ತೆ,” ಎಂದಷ್ಟೇ ಹೇಳುತ್ತಿದ್ದ. ನನಗೇ ಪಾಠ! ಉರಿದುಹೋಗುತ್ತಿತ್ತು. “ದೊಡ್ಡದು ತಗೊಂಡಿದ್ರೆ ಈ ತಾಪತ್ರಯ ಇರ್ತಿತ್ತಾ?” ಎಂದು ಪ್ರತಿ ಸಲವೂ ಕುಟುಕುತ್ತಿದ್ದೆ. ಅವನು ನಗುತ್ತಿದ್ದ.

ಸೆಪ್ಟೆಂಬರ್‌ನಲ್ಲಿ ತಂಡದ ನಾಯಕ ಡ್ವೇನ್ ಕೋವಾಚ್ ನನ್ನ ಹತ್ತಿರ ಬಂದ. ಒಳ್ಳೆಯ ಹುಡುಗ, ಮೂವತ್ತೈದಾದರೂ ಹುಡುಗನೇ.

“ಡಾಟಿ ಆಂಟಿ, ತಾತಂಗೆ ಅರವತ್ತೈದು ತುಂಬುತ್ತೆ. ಪಾಪ, ಆ ಗೊಂಬೆ ಟ್ಯಾಂಕ್ ಇಟ್ಕೊಂಡು ಗುಡ್ಡ ಹತ್ತಿ ಇಳಿದು ಸಾಯ್ತಿದಾರೆ. ನಾವೆಲ್ಲ ಸೇರಿ ಒಂದು ಒಳ್ಳೇದು ಕೊಡಿಸ್ತೀವಿ. ನೀವೇ ಆರಿಸಿ.”

ನಾನೇ ಆರಿಸಿದೆ. ಅದಕ್ಕೂ ಮೊದಲು ಅಷ್ಟು ಮನಸ್ಸಿಟ್ಟು ಯಾವ ಟ್ಯಾಂಕನ್ನೂ ಆರಿಸಿರಲಿಲ್ಲ. ಅದೇ ವರ್ಷ ತಯಾರಾದದ್ದು, ಕಪ್ಪು ಕಾರ್ಬನ್, ಹಗುರ, ಒಳ್ಳೆಯ ಕವಾಟ. ಹುಟ್ಟುಹಬ್ಬದ ದಿನ ಡ್ವೇನ್ ಅದನ್ನು ಎಮಿಲ್‌ನ ಮಾರ್ಕರಿಗೆ ತಾನೇ ತಿರುಗಿಸಿ ಹಾಕಿದ, ಪುಟ್ಟ ಟ್ಯಾಂಕನ್ನು ಹೊಸದಾಗಿ ಸೇರಿದವನೊಬ್ಬನಿಗೆ ಅಲ್ಲೇ ದಾನ ಮಾಡಿಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ಎಮಿಲ್ ಎಲ್ಲರನ್ನೂ ಅಪ್ಪಿಕೊಂಡ. ಅವನ ಮುಖ ಸ್ವಲ್ಪ ಪೆಚ್ಚಾಗಿತ್ತು. ಸಂತೋಷಕ್ಕೆ ಹಾಗಾಗಿರಬೇಕು ಎಂದುಕೊಂಡೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಅಕ್ಟೋಬರ್‌ನ ದೊಡ್ಡ ಆಟಕ್ಕೆ ಸುತ್ತಲ ಊರುಗಳಿಂದ ಇನ್ನೂರು ಜನ ಬಂದಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಎಮಿಲ್ ಟ್ಯಾಂಕು ತುಂಬಿಸಿಕೊಂಡು ಗುಡ್ಡ ಹತ್ತಿದ. ಹತ್ತೂವರೆ ಆಯಿತು, ಬರಲಿಲ್ಲ. ಹನ್ನೆರಡಾಯಿತು, ಬರಲಿಲ್ಲ. ಸಾಲಿನಲ್ಲಿ ನಿಂತವರಿಗೆಲ್ಲ ಹೇಳಿದೆ: “ನೋಡ್ರಪ್ಪ, ಟ್ಯಾಂಕ್ ಅಂದ್ರೆ ಅದು. ನಾನು ಆರಿಸಿದ್ದು.” ಆ ಮಾತು ಈಗಲೂ ನನ್ನ ಗಂಟಲಲ್ಲಿ ಮುಳ್ಳಾಗಿ ನಿಂತಿದೆ.

ಒಂದು ಗಂಟೆ ಹೊತ್ತಿಗೆ ಮೇಲಿನಿಂದ ಸೀಟಿಯ ಮೇಲೆ ಸೀಟಿ ಕೇಳಿಸಿತು. ಆಟ ನಿಂತಿತು. ನಾನು ಊರಿನ ಅಗ್ನಿಶಾಮಕ ದಳದಲ್ಲೂ ಇದ್ದೇನೆ, ಹಾಗಾಗಿ ಆಮ್ಲಜನಕದ ಸಿಲಿಂಡರ್ ಗಾಡಿಯಲ್ಲೇ ಇರುತ್ತದೆ. ಎತ್ತಿಕೊಂಡು ಓಡಿದೆ. ಎಮಿಲ್ ಕೇಬಲ್ ಚಕ್ರಕ್ಕೆ ಒರಗಿ ಕೂತಿದ್ದ. ಡ್ವೇನ್ ಅವನ ಮುಖವಾಡ ಬಿಚ್ಚಿದ್ದ. ತುಟಿ ನೀಲಿಯಾಗಿತ್ತು, ಎದೆ ಹಾರುತ್ತಿತ್ತು. ಪಕ್ಕದಲ್ಲಿ ಹೊಸ ಟ್ಯಾಂಕು, ಅದರ ಒತ್ತಡಮಾಪಕದ ಮುಳ್ಳು ಇನ್ನೂ ಅರ್ಧದ ಮೇಲಿತ್ತು.

ಆಂಬುಲೆನ್ಸ್ ಬಂತು. ಎರಡು ದಿನ ಆಸ್ಪತ್ರೆ. ತಂಡದವರಿಗೆ ಎಮಿಲ್ “ಬಿಸಿಲು ಹೊಡೀತು ಕಣ್ರೋ” ಎಂದ. ಅಕ್ಟೋಬರ್‌ನಲ್ಲಿ ಎಂಥ ಬಿಸಿಲು! ಆದರೂ ತಾತ ಹೇಳಿದ್ದೆಂದು ನಂಬಿದರು.

ಮೂರನೆಯ ದಿನ ನಾನು ಅವನ ಮನೆಗೆ ಹೋದೆ. ಬರ್ನಿಸ್ ಕಾಫಿ ಕೊಟ್ಟು ಒಳಗೆ ಹೋದಳು. ಕುರ್ಚಿಯ ಪಕ್ಕ ಗಾಲಿಯ ಮೇಲೆ ಆಮ್ಲಜನಕದ ಸಿಲಿಂಡರ್ ನಿಂತಿತ್ತು, ಅದರ ಕೊಳವೆ ಎಮಿಲ್‌ನ ಮೂಗಿನಲ್ಲಿತ್ತು. ಸಿಲಿಂಡರಿನ ಮೇಲಿನ ಚೀಟಿಯಲ್ಲಿ ಅವನ ಹೆಸರು, ಕೊಟ್ಟ ದಿನವೆಂದು ಮಾರ್ಚ್ ತಿಂಗಳ ತಾರೀಖು ನೋಡಿದೆ. ತಾರೀಖು ಓದುವುದೇ ನನ್ನ ಕಸುಬಲ್ಲವೇ.

“ಮಾರ್ಚಿಂದ ಗೊತ್ತಿತ್ತಾ ನಿಂಗೆ?”

“ಗಣಿ ದೂಳು ಕಣೇ. ಶ್ವಾಸಕೋಶ ಅರ್ಧ ಕಲ್ಲಾಗಿದೆಯಂತೆ. ಆಡ್ಬಹುದಾ ಅಂತ ಡಾಕ್ಟರ್‌ನ ಕೇಳ್ದೆ. ಅರ್ಧ ಗಂಟೆ ನಡೆದ್ರೆ ಕಾಲು ಗಂಟೆ ಕೂರಬೇಕು, ಹಾಗಿದ್ರೆ ನೋಡೋಣ ಅಂದ್ರು.”

ನನಗೆ ಆಗ ಹೊಳೆಯಿತು. ನೂರೈವತ್ತು ಗುಂಡು. ಅರ್ಧ ಗಂಟೆ. ಬೆಂಚು. ನಿಧಾನ ತುಂಬು.

“ಅದಕ್ಕೇ ಆ ಪುಟ್ಟದ್ದು ಆರಿಸಿದ್ಯಾ?”

“ಉಸಿರು ಸಾಲ್ದು ಅಂತ ಇಳಿದು ಬಂದ್ರೆ ಎಲ್ರೂ ತಿರುಗಿ ನೋಡ್ತಾರೆ. ಎರಡು ವಾರ ನೋಡ್ತಾರೆ, ಮೂರನೇ ವಾರ ‘ತಾತ, ನೀವು ಮನೇಲಿರಿ’ ಅಂತಾರೆ. ಟ್ಯಾಂಕ್ ಖಾಲಿ ಅಂತ ಬಂದ್ರೆ ಯಾರೂ ನೋಡಲ್ಲ.” ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡ. “ಆ ಭಾನುವಾರ ಒಂದು ಬಿಟ್ರೆ ನಾನು ಈ ಕುರ್ಚಿ ಮೇಲಿನ ರೋಗಿ ಅಷ್ಟೇ ಡಾಟಿ. ಅಲ್ಲಿ ಹೋದ್ರೆ ಇನ್ನೂ ಮೂರನೇ ಪಾಳಿಯವನು.”

ಅವನಿಗಿದ್ದ ಒಂದೇ ಒಂದು ನೆಪವನ್ನು ನಾನು ಕಿತ್ತುಕೊಂಡಿದ್ದೆ, ಅದೂ ರಿಬ್ಬನ್ ಕಟ್ಟಿ. ಅಳು ಬಂತು. ಅತ್ತೆ. ಅವನ ಮುಂದೆ ನಾಚಿಕೆಯೇನು?

“ಪುಟ್ಟದ್ದು ಇನ್ನೊಂದು ಕೊಡ್ತೀನಿ,” ಎಂದೆ.

“ಬೇಡ. ಆ ಹುಡುಗ್ರು ಪ್ರೀತಿಯಿಂದ ಕೊಟ್ಟಿದ್ದು. ಅದನ್ನ ಮೂಲೆಗಿಟ್ರೆ ಬೇಜಾರ್ ಮಾಡ್ಕೊತಾರೆ.” ಅವನು ನನ್ನ ಕಡೆ ನೋಡಿದ. “ಅದ್ರಲ್ಲಿ ನೂರೈವತ್ತು ಗುಂಡಿಗೆ ಆಗೋಷ್ಟೇ ಗಾಳಿ ತುಂಬು. ಉಳಿದಿದ್ದು ನಂಗ್ಬಿಡು.”

ಬಾಗಿಲಲ್ಲಿ ಬರ್ನಿಸ್ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. “ನಾನು ಹೇಳಿ ಸಾಕಾಗಿದೆ. ಹೋಗ್ಲಿ ಬಿಡಿ, ಆದ್ರೆ ಅಲ್ಲಿ ಕೂತಾಗ ಇದು ಮೂಗಲ್ಲಿರಬೇಕು,” ಎಂದು ಕೊಳವೆ ತೋರಿಸಿದಳು. ನಾನು ಬೆಂಚನ್ನು ಕಂಪ್ರೆಸರಿನ ಹಿಂದಕ್ಕೆ ಸರಿಸುತ್ತೇನೆ, ಹೊರಗಿನವರಿಗೆ ಕಾಣುವುದಿಲ್ಲ ಎಂದು ಮಾತು ಕೊಟ್ಟೆ.

ಅವನು ಮತ್ತೆ ಬರಲು ಐದು ವಾರ ಹಿಡಿಯಿತು. ನವೆಂಬರ್‌ನ ಚಳಿಯಲ್ಲಿ ಗುಡ್ಡ ಹತ್ತಿ, ಅರ್ಧ ಗಂಟೆಗೆ ಸರಿಯಾಗಿ ಕೈ ಎತ್ತಿಕೊಂಡು ಇಳಿದ. ಅವನನ್ನು ಬೆಂಚಿನ ಮೇಲೆ ಕೂರಿಸಿ ಕೊಳವೆ ಕೊಟ್ಟೆ, ಟ್ಯಾಂಕನ್ನು ಕಂಪ್ರೆಸರಿಗೆ ಸಿಕ್ಕಿಸಿದೆ. ಸಾಲಿನಲ್ಲಿ ಏಳೆಂಟು ಜನರಿದ್ದರು, ಅವರ ನಡುವೆ ಡ್ವೇನ್.

“ಏನ್ ಆಂಟಿ, ಇಷ್ಟು ಬೇಗ ಖಾಲಿ? ಸಂಜೆವರೆಗೂ ಬರುತ್ತೆ ಅಂದಿದ್ರಿ!” ಬಗ್ಗಿ ಮುಳ್ಳು ನೋಡಿದ. “ಇದೇನಿದು, ಕಾಲು ಭಾಗಕ್ಕೂ ಮೊದ್ಲೇ ನಿಲ್ಲಿಸ್ತಿದೀರಾ?”

ಎಲ್ಲರೂ ನನ್ನನ್ನೇ ನೋಡಿದರು. ಬೇರೆ ದಿನವಾಗಿದ್ದರೆ ನನ್ನ ಕೈಲಿದ್ದ ಪಾನಾ ಅವನ ತಲೆಯ ಹತ್ತಿರದಲ್ಲೆಲ್ಲೋ ಹಾರುತ್ತಿತ್ತು.

“ಆರಿಸೋವಾಗ ತಪ್ಪು ಮಾಡ್ದೆ,” ಎಂದೆ. “ಈ ಟ್ಯಾಂಕ್ ಮೇಲೆ ನಂಗೆ ನಂಬಿಕೆ ಇಲ್ಲ. ಪೂರ್ತಿ ತುಂಬೋಕೆ ಭಯ. ಅರ್ಧ ಗಂಟೆಗೊಮ್ಮೆ ತರಬೇಕು, ಅಷ್ಟೇ.”

“ಬೇರೆ ತರಿಸ್ಕೊಡಿ ಹಾಗಾದ್ರೆ.”

“ರಸೀದಿ ಕಳ್ಕೊಂಡೆ.”

ಡ್ವೇನ್ ಹೊಟ್ಟೆ ಹಿಡಿದುಕೊಂಡು ನಕ್ಕ. “ಡಾಟಿ ಆಂಟಿ ಟ್ಯಾಂಕ್ ಆರಿಸೋದ್ರಲ್ಲಿ ಎಡವಿದ್ರು ಕಣ್ರೋ!” ಸುದ್ದಿ ಸಾಲಿನಿಂದ ಮೈದಾನಕ್ಕೆ, ಮೈದಾನದಿಂದ ಗುಡ್ಡಕ್ಕೆ ಹೋಯಿತು. ಮೇಲಿನಿಂದಲೂ ಯಾರೋ ಕೇಕೆ ಹಾಕಿದರು. ನಾನು ತಲೆ ತಗ್ಗಿಸಿ ಟ್ಯಾಂಕು ಒರೆಸುತ್ತಿದ್ದೆ.

ಅವರು ಗಾಳಿ ತುಂಬಿಸಿಕೊಂಡು ಹೋದ ಮೇಲೆ ಕಂಪ್ರೆಸರಿನ ಹಿಂದಿನಿಂದ ಎಮಿಲ್‌ನ ದನಿ ಬಂತು.

“ನಿಂಗೆ ಸುಳ್ಳು ಹೇಳೋಕೇ ಬರಲ್ಲ ಡಾಟಿ.”

“ಬಾಯ್ಮುಚ್ಕೊಂಡು ಉಸಿರಾಡು,” ಎಂದೆ.