ಎಳೆದರೆ ಬಿಡುವ ಕೊಕ್ಕೆ

ಎಳೆದರೆ ತಟ್ಟನೆ ಬಿಟ್ಟುಕೊಳ್ಳಬೇಕು, ತಾನಾಗಿ ಮಾತ್ರ ಬೀಳಬಾರದು. ಕಡೂರಿನ ಸ್ಟೇಷನ್ ರಸ್ತೆಯ ಅಂಗಡಿಗಳಲ್ಲಿ ನಾನು ಹುಡುಕುತ್ತಿದ್ದ ಕೀಚೈನು ಇಂಥದ್ದು. ಕೇಳಿದವರೆಲ್ಲ ನನ್ನನ್ನು ತಲೆ ನೆಟ್ಟಗಿಲ್ಲದವಳ ಹಾಗೆ ನೋಡಿದರು. "ಕೀಚೈನ್ ಅಂದ್ರೆ ಹಿಡ್ಕಳಾದು ಕಣ್ರೀ ಮೇಡಂ, ಬಿಡಾದು ಯಾಕೆ?" ಎಂದ ಒಬ್ಬ ಅಂಗಡಿಯವನು. ಯಾಕೆಂದು ಹೇಳಬೇಕಾದರೆ ನಮ್ಮಪ್ಪ ಸತ್ತದ್ದನ್ನು ಹೇಳಬೇಕಿತ್ತು. ಹಲ್ಲು ಕಿರಿಯುತ್ತಿದ್ದ ಅವನಿಗೆ ಹೇಳುವ ಮನಸ್ಸಾಗಲಿಲ್ಲ.

ನಮ್ಮೂರು ಅಜ್ಜಂಪುರದ ಕಡೆ, ಬುಕ್ಕಾಂಬುಧಿ ಕೆರೆಗೆ ಹತ್ತಿರ. ಅಲ್ಲಿನ ಗಂಡಸರು ಬೀಗದ ಕೈಯನ್ನು ಉಡುದಾರಕ್ಕೆ ಕಟ್ಟಿಕೊಳ್ಳುತ್ತಿದ್ದರು. ಜೇಬು ತೂತಾಗಬಹುದು, ಪಂಚೆ ಬಿಚ್ಚಿಕೊಳ್ಳಬಹುದು, ಸೊಂಟದ ಉಡುದಾರ ಎಲ್ಲಿ ಹೋಗುತ್ತದೆ? ಗಂಡುಮಗುವಿಗೆ ಕಟ್ಟಿದ ಮೇಲೆ ಅದು ಮೈ ಬಿಡುವ ಹಾಗಿರಲಿಲ್ಲ. ಹಳತಾದರೆ ಹೊಸದನ್ನು ಕಟ್ಟಿಕೊಂಡೇ ಹಳೆಯದನ್ನು ಬಿಚ್ಚಬೇಕು. ಕೊಯ್ದು ತೆಗೆಯುವುದು ಹೆಣದ್ದು ಮಾತ್ರ.

ಅಪ್ಪನ ಉಡುದಾರದ ಗಂಟು ಬೆವರು, ಎಣ್ಣೆ ಕುಡಿದು ಹುಣಸೆ ಬೀಜದಷ್ಟು ಗಟ್ಟಿಯಾಗಿತ್ತು. ಟ್ರಂಕು ತೆಗೆಯಬೇಕಾದರೆ ಮೊಣಕಾಲೂರಿ, ಹೊಟ್ಟೆಯನ್ನು ಟ್ರಂಕಿಗೆ ಒತ್ತಿ, ಉಸಿರು ಬಿಗಿಹಿಡಿದು ಬೀಗ ತಿರುಗಿಸುತ್ತಿದ್ದ. "ಅಪ್ಪ ಟ್ರಂಕ್ ತಬ್ಕಂಡ!" ಎಂದು ನಾನು ಕೂಗಿದರೆ ಅವನಿಗೂ ನಗು ಬಂದು ಕೈ ಜಾರುತ್ತಿತ್ತು. ನಮ್ಮಪ್ಪ ನಗುತ್ತಿದ್ದದ್ದು ನೆನಪಾದಾಗಲೆಲ್ಲ ಆ ಟ್ರಂಕೂ ನೆನಪಾಗುತ್ತದೆ.

ಎಪ್ಪತ್ತರ ದಶಕದ ಶುರುವಿನಲ್ಲಿ ನಮ್ಮ ಕಡೆ ಎತ್ತಿನ ಕಳ್ಳರ ಕಾಟ ಜಾಸ್ತಿಯಾಯಿತು. ಅಪ್ಪನಿಗೆ ನಮ್ಮ ಜೋಡಿ ಅಮೃತಮಹಲ್ ಎತ್ತುಗಳೆಂದರೆ ಪ್ರಾಣ. ಸರಪಳಿ, ಬೀಗ ತಂದು, ಕತ್ತಲಾಗುವ ಮೊದಲೇ ಎರಡನ್ನೂ ಗೋದಲಿಯ ಕಂಬಕ್ಕೆ ಬಿಗಿದು ಬೀಗ ಹಾಕತೊಡಗಿದ. ಆ ಬೀಗದ ಕೈಗಳೂ ಉಡುದಾರಕ್ಕೇ ಸೇರಿದವು.

ಸೊಳ್ಳೆ ಓಡಿಸಲು ಮುಸ್ಸಂಜೆ ಕೊಟ್ಟಿಗೆಯಲ್ಲಿ ಬೇವಿನ ಸೊಪ್ಪಿನ ಹೊಗೆ ಹಾಕುವುದು ದಿನದ ಕೆಲಸ. ಅವತ್ತು ಗಾಳಿ ಎದ್ದು ಕಿಡಿ ಸೂರಿನ ಹುಲ್ಲಿಗೆ ಹಾರಿತು. ಅಪ್ಪ ಒಳಗೆ ನುಗ್ಗಿ ಒಂದು ಎತ್ತಿನ ಬೀಗ ತೆಗೆದ. ಅದು ನನ್ನ ಪಕ್ಕದಲ್ಲೇ ಹಾದು ಬಯಲಿಗೆ ಓಡಿತು. ಇನ್ನೊಂದು ಬೆದರಿ ಸರಪಳಿ ಜಗ್ಗುತ್ತಿತ್ತು. ಉಡುದಾರಕ್ಕೆ ಕಟ್ಟಿದ್ದ ಬೀಗದ ಕೈ ಅದರ ಬೀಗದೊಳಗೆ ಸಿಕ್ಕಿ ತಿರುಗಲೂ ಇಲ್ಲ, ಈಚೆ ಬರಲೂ ಇಲ್ಲ. ಕಂಬಕ್ಕೆ ಎತ್ತು ಹೇಗೋ ಅಪ್ಪನೂ ಹಾಗೇ ಸಿಕ್ಕಿಕೊಂಡ. ಅವ್ವ ಕುಡುಗೋಲು ಹಿಡಿದು ಒಳಗೆ ಓಡಿದಳು. "ನೀರು ತಾರೇ!" ಎಂದು ನನ್ನನ್ನು ಅಟ್ಟಿದಳು. ಬಚ್ಚಲಿನ ಹಂಡೆಯಿಂದ ಕೊಡ ತುಂಬಿಕೊಂಡು ಬರುವಷ್ಟರಲ್ಲಿ ಅವ್ವ ಅವನನ್ನು ಅಂಗಳಕ್ಕೆ ಎಳೆದು ಹಾಕಿದ್ದಳು. ಅವನ ಸೊಂಟದಲ್ಲಿ ಉಡುದಾರ ಇರಲಿಲ್ಲ. ಎತ್ತು ಒಳಗೇ ಉಳಿಯಿತು. ಅದರ ಕೂಗು ನಿಲ್ಲುವವರೆಗೂ ನಾನು ಕೊಡ ಹಿಡಿದುಕೊಂಡೇ ನಿಂತಿದ್ದೆ.

ಅಪ್ಪ ತರೀಕೆರೆಯ ಆಸ್ಪತ್ರೆಯಲ್ಲಿ ವಾರ ತುಂಬುವ ಮೊದಲೇ ಹೋಗಿಬಿಟ್ಟ.

ಹೆಣ ಮನೆಗೆ ಬಂದಾಗ ಹಿರಿಯರಿಗೆ ಬೇರೆಯೇ ಚಿಂತೆ. ಕೊಯ್ಯೋಣವೆಂದರೆ ಸೊಂಟದಲ್ಲಿ ಉಡುದಾರವೇ ಇಲ್ಲ. ಶಾಸ್ತ್ರ ತಪ್ಪಬಾರದಲ್ಲ! ಹೊಸ ಕರಿದಾರ ತಂದು ಸುಟ್ಟ ಮೈಗೆ ಕಟ್ಟಿ, ಆಮೇಲೆ ಕೊಯ್ದರು. ಅವ್ವನ ಎದುರೇ ಕೊಯ್ದರು. ದೊಡ್ಡಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ, "ಜೀವ ಇರಾವಾಗ್ಲೇ ಗಂಡನ ಉಡುದಾರ ಕೊಯ್ದ್ಲಲ್ಲ, ಇನ್ನೆಲ್ಲಿ ಉಳೀತಾನೆ?" ಎಂದಳು. ಆ ಮಾತು ಕೇರಿಯೆಲ್ಲ ಸುತ್ತಿತು. ಬೆಂಕಿ ಕೊಂದದ್ದು ಯಾರ ಕಣ್ಣಿಗೂ ಕಾಣಲಿಲ್ಲ. ಆ ಊರಿನ ಮೇಲೆ ನನಗೆ ಹುಟ್ಟಿದ ಸಿಟ್ಟು ಇವತ್ತಿಗೂ ಆರಿಲ್ಲ, ಆರುವುದು ಬೇಡ ಅಂತಲೇ ನಾನೂ ಬಿಟ್ಟಿದ್ದೇನೆ.

ಅಲ್ಲಿಂದಾಚೆ ಅವ್ವ ಬೀಗದ ಕೈ ಮುಟ್ಟಲಿಲ್ಲ. ನನಗೆ ಸಖರಾಯಪಟ್ಟಣದ ಶಾಲೆಯಲ್ಲಿ ಕೆಲಸ ಸಿಕ್ಕಿ, ಕಡೂರಿನಲ್ಲಿ ಬಾಡಿಗೆ ಮನೆ ಹಿಡಿದು ಅವಳನ್ನು ಕರೆತಂದೆ. ಆಗ ಎಂಬತ್ತರ ದಶಕ. ನಾನು ಬೆಳಗಿನ ಬಸ್ಸಿಗೆ ಹೋದರೆ ಸಂಜೆ ಬರುವವರೆಗೂ ಅವಳು ಕಿಟಕಿ ಪಕ್ಕದಲ್ಲೇ. ಇಡೀ ಹೊಲ ಸುತ್ತುತ್ತಿದ್ದ ಹೆಂಗಸು, ಎದುರು ಮನೆಯವರು ಕರೆದರೂ ಹೋಗಳು. ಹೋಗಬೇಕಾದರೆ ಬೀಗ ಹಾಕಬೇಕು, ಬೀಗದ ಕೈ ಇಟ್ಟುಕೊಳ್ಳಬೇಕು. "ನಂಗ್ಯಾಕೆ ಅದೆಲ್ಲ, ಬಿಡು" ಎನ್ನುತ್ತಿದ್ದಳು. ಜನರ ಮಾತು ಅವಳನ್ನು ಹೀಗೆ ಮೂಲೆಗೆ ಕೂರಿಸಿತೆಂದೇ ನಾನು ನಂಬಿದ್ದೆ. ಬೇಕೆಂದಾಗ ಬಿಡುವ ಕೊಕ್ಕೆಯೊಂದು ಸಿಕ್ಕರೆ ಅವಳ ಹೆದರಿಕೆ ಹೋದೀತು, ಅವಳು ಹೊಸ್ತಿಲು ದಾಟಿಯಾಳು ಎಂದು ಅಂಗಡಿ ಅಂಗಡಿ ಅಲೆದೆ.

ಸುರುಳಿ ರಿಂಗು ತಂದೆ, ಉಗುರು ಮುರಿಯಿತೇ ಹೊರತು ಬಿಚ್ಚಲಿಲ್ಲ. ತಿರುಪಿನದು ಒದ್ದೆ ಕೈಗೆ ಜಾರಿತು. ಹೆಂಗಸರು ಸೊಂಟಕ್ಕೆ ಸಿಗಿಸುವ ಬೆಳ್ಳಿ ಬಣ್ಣದ ಕೊಕ್ಕೆ ನೋಡಲು ಚೆಂದ. ಅದನ್ನು ಅವ್ವನಿಗೆ ಕೊಡುವ ಮೊದಲು ನಾನೇ ಸಿಗಿಸಿಕೊಂಡು ಹೋದೆ, ಸಖರಾಯಪಟ್ಟಣದ ಬಸ್ಸಿನ ನೂಕುನುಗ್ಗಲಲ್ಲಿ ಕೀ ಸಮೇತ ಎಲ್ಲಿ ಬಿತ್ತೋ ತಿಳಿಯಲಿಲ್ಲ. ಒಂದು ಬಿಡುವುದೇ ಇಲ್ಲ, ಇನ್ನೊಂದು ನಿಲ್ಲುವುದೇ ಇಲ್ಲ.

ಕೊನೆಗೆ ಅದು ಸಿಕ್ಕಿದ್ದು ತರೀಕೆರೆಯಲ್ಲಿ, ಹಗ್ಗ, ಮೂಗುದಾರ, ಗಂಟೆ ಮಾರುವ ಅಂಗಡಿಯಲ್ಲಿ. ನಾಯಿ ಸರಪಳಿಯ ತುದಿಗೆ ಹಾಕುವ ಸ್ಪ್ರಿಂಗ್ ಕೊಕ್ಕೆ. ಹೆಬ್ಬೆರಳಲ್ಲಿ ಗುಬುಟು ಹಿಂದಕ್ಕೆ ಎಳೆದರೆ ಬಾಯಿ ಬಿಡುತ್ತದೆ, ಬೆರಳು ತೆಗೆದರೆ ಕಚ್ಚಿಕೊಳ್ಳುತ್ತದೆ. "ನಾಯಿ ಎಷ್ಟು ದೊಡ್ದು?" ಎಂದು ಅಂಗಡಿಯವನು ಕೇಳಿದ. "ನಾಯಿ ಇಲ್ಲ, ನಮ್ಮವ್ವಂಗೆ" ಎಂದೆ. ಪಾಪ, ಅವನು ಲಗುಬಗೆಯಿಂದ ಕಾಗದದಲ್ಲಿ ಸುತ್ತಿ ಕೊಟ್ಟ. ಮನೆಗೆ ತಂದು ಕಿಟಕಿಯ ಸರಳಿಗೆ ಸಿಗಿಸಿ ಜಗ್ಗಿದೆ, ಕಣ್ಣು ಮುಚ್ಚಿ ಬಿಡಿಸಿದೆ, ಕೈಗೆ ಎಣ್ಣೆ ಸವರಿಕೊಂಡು ಬಿಡಿಸಿದೆ. ದಿನಾ ಬಸ್ಸಿನಲ್ಲಿ ಸಿಗಿಸಿಕೊಂಡು ಹೋದೆ. ಒಮ್ಮೆಯೂ ಬೀಳಲಿಲ್ಲ.

ಒಂದು ಭಾನುವಾರ ಮನೆಯ ಕೀ ಸಿಗಿಸಿ ಅವ್ವನ ಕೈಗಿಟ್ಟೆ. ಅವಳು ಗುಬುಟು ಎಳೆದಳು, ಬಿಟ್ಟಿತು. ಮತ್ತೆ ಸಿಗಿಸಿದಳು, ಮತ್ತೆ ಎಳೆದಳು. ನನಗೆ ಖುಷಿಯಾಯಿತು. ಇಷ್ಟು ವರ್ಷ ಆಡದೆ ಉಳಿದದ್ದನ್ನು ಆಡಿಬಿಟ್ಟೆ: "ಊರೋರ ಮಾತು ಮನಸಿಂದ ತೆಗೆದಾಕವ್ವ. ನೀನು ಉಡುದಾರ ಕೊಯ್ದಿದ್ಕೆ ಅಪ್ಪ ಸಾಯ್ಲಿಲ್ಲ."

"ಅದು ನಂಗೊತ್ತಿಲ್ವೇನೇ" ಎಂದಳು ಅವ್ವ. ಕೊಕ್ಕೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. "ಕುಡುಗೋಲು ಕೈಯಾಗೇ ಇತ್ತು. ನಿಮ್ಮಪ್ಪ ಕೊಯ್ಯೇ, ಕೊಯ್ಯೇ ಅಂತ ಬಡ್ಕಂತಿದ್ದ. ಉಡುದಾರ ಅಲ್ವಾ, ಬದುಕಿರೋನ್ದು ಹೆಂಗೆ ಕೊಯ್ಯಾದು ಅಂತ ಕುಡುಗೋಲು ಕೆಳಗಿಟ್ಟು ಗಂಟು ಬಿಚ್ಚಕ್ಕೆ ಕೂತೆ ಕಣೇ. ಸೂರು ಅವನ ಮೈಮೇಲೆ ಬಿದ್ಮೇಲೆ ಕೊಯ್ದಿದ್ದು."

ಅವಳು ಇನ್ನೊಂದು ಸಲ ಗುಬುಟು ಎಳೆದು ನೋಡಿದಳು.

"ಎಷ್ಟು ಬೇಗ ಬಿಡ್ತದೆ" ಎಂದು ಕೊಕ್ಕೆಯನ್ನು ನನ್ನ ಮಡಿಲಿಗೆ ಹಾಕಿದಳು. "ನೀನೇ ಇಟ್ಕ."