ಎರಡು ಗೆರೆ, ಎರಡು ದುರ್ಬೀನು

ಮೊನ್ನೆ ಮುಂಬಯಿಯ ಗ್ರಾಂಟ್ ರೋಡಿನ ಹಳೇ ಸಾಮಾನಿನ ಅಂಗಡಿಯಲ್ಲಿ ಹಿತ್ತಾಳೆಯ ಪುಟ್ಟ ದುರ್ಬೀನೊಂದು ಸಿಕ್ಕಿತು. ಕೈಗೆತ್ತಿಕೊಂಡರೆ ಅದೇ ಯಂತ್ರದೆಣ್ಣೆಯ ವಾಸನೆ... ಮೈಯೆಲ್ಲ ಉರಿಯಿತು. ಇಷ್ಟು ವರ್ಷವಾದರೂ ಆ ಸಿಟ್ಟು ಇಳಿದಿಲ್ಲ.

ಎಪ್ಪತ್ತರ ದಶಕದ ಆರಂಭ. ಭಾಂಡುಪಿನ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ನಾನೂ ಧಾರವಾಡದ ಅಕ್ಕನೂ ಕೆಲಸಕ್ಕಿದ್ದೆವು. ಒಡಹುಟ್ಟಿದವಳಲ್ಲ, ವಯಸ್ಸಿನಲ್ಲಿ ಹಿರಿಯಳೆಂದು ಅಕ್ಕ. ಲೋಹದ ಸಣ್ಣ ಚೂರುಗಳನ್ನು ಯಂತ್ರಕ್ಕೆ ಕಚ್ಚಿಸಿ ಎಳೆದು, ಎಷ್ಟು ಹಿಗ್ಗಿತೆಂದು ಅಳೆಯುವುದು ನಮ್ಮ ಕೆಲಸ. ಕಾಗದದಷ್ಟು ತೆಳು, ಅಳತೆಯ ಸಾಧನ ತಾಗಿಸಿದರೆ ಅದರ ಭಾರಕ್ಕೇ ಬಾಗುತ್ತಿದ್ದವು. ಹಾಗಾಗಿ ಮುಟ್ಟುವಂತಿಲ್ಲ. ಚೂರಿನ ಮೇಲೆ ಶಾಯಿಯಲ್ಲಿ ಎರಡು ಗೆರೆ ಹಾಕಿ, ದೂರದಿಂದ ಒಬ್ಬೊಬ್ಬರು ಒಂದೊಂದು ದುರ್ಬೀನಿನಲ್ಲಿ, ಮೇಲಿನ ಗೆರೆಯನ್ನು ನಾನು, ಕೆಳಗಿನದನ್ನು ಅಕ್ಕ ಹಿಂಬಾಲಿಸುತ್ತಿದ್ದೆವು. ಗೆರೆಯ ಅಳತೆ ಓದುವ ಕ್ಷಣಕ್ಕೆ "ಹೂಂ" ಎಂದು ಇಬ್ಬರೂ ಒಟ್ಟಿಗೇ ಅನ್ನಬೇಕು. ಹಿಂದುಮುಂದಾದರೆ ಅಳತೆ ಕೆಟ್ಟಂತೆ. ಲೋಕಲ್ ರೈಲು ಹಾದು ನೆಲ ನಡುಗಿದಾಗ ಯಂತ್ರ ನಿಲ್ಲಿಸಿ ಕಾಯುತ್ತಿದ್ದೆವು.

ಮದುವೆಯಾದ ಹೆಂಗಸರಿಗೆ ಅಲ್ಲಿ ಕೆಲಸವಿರಲಿಲ್ಲ. ಅಂಥ ದರಿದ್ರ ನಿಯಮ. ಆಂಟಾಪ್ ಹಿಲ್‌ನಲ್ಲಿದ್ದ ತಾಯಿ, ತಂಗಿಯರ ಹೊಟ್ಟೆ ತುಂಬುತ್ತಿದ್ದುದೇ ಅಕ್ಕನ ದುಡಿಮೆಯಿಂದ. ಬೇಸಿಗೆಯಲ್ಲಿ ಊರಿಗೆ ಹೋಗಿ ಮದುವೆಯಾಗಿ ಬಂದವಳು ತಾಳಿಯನ್ನು ರವಿಕೆಯೊಳಗೆ ಮುಚ್ಚಿಟ್ಟುಕೊಂಡೇ ಕೆಲಸಕ್ಕೆ ಬರುತ್ತಿದ್ದಳು. ಒಂದು ದಿನ ಬಗ್ಗಿ ನೋಡುವಾಗ ಕರಿಮಣಿ ಜಾರಿ ದುರ್ಬೀನಿಗೆ ತಗುಲಿತು. ಹಿಂದೆಯೇ ಲ್ಯಾಬಿನ ಸಾಹೇಬ ನಿಂತಿದ್ದ.

"ಶಾದಿ ಹೋ ಗಯಾ ತೋ ಘರ್ ಬೈಠೋ," ಅಂದ. ಮದುವೆಯಾದ ಮೇಲೆ ಮನೆಯಲ್ಲಿ ಕೂರು ಅಂತ.

ಅಕ್ಕ ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ. "ಅರ್ಧಾ ಎಳದೀವಿ ತಮ್ಮಾ, ಮುಗಸೂಣು," ಎಂದು ನನಗೆ ಹೇಳಿದಳು. ಒಮ್ಮೆ ಎಳೆದ ಚೂರನ್ನು ಮತ್ತೆ ಎಳೆಯಲು ಬರುವುದಿಲ್ಲ. ಅದು ಹರಿಯುವವರೆಗೂ ಅವಳ "ಹೂಂ" ಒಮ್ಮೆಯೂ ತಡವಾಗಲಿಲ್ಲ. ಸಾಹೇಬ ಅದನ್ನೆಲ್ಲ ನಿಂತು ನೋಡಿ, ಆಮೇಲೆ ರಾಜೀನಾಮೆ ಬರೆಸಿಕೊಂಡ.

ಅದೇ ಬೇಸಿಗೆಯಲ್ಲಿ ನನ್ನ ಮದುವೆಯೂ ಆಗಿತ್ತು. ನನಗೆ ಅದೇ ಸಾಹೇಬ ಪೇಡೆ ತಿನ್ನಿಸಿ, ಇನ್ನು ಜವಾಬ್ದಾರಿ ಹೆಚ್ಚಿತೆಂದು ಪಗಾರ ಏರಿಸಿದ್ದ. ಅವನ ನ್ಯಾಯಕ್ಕೆ ಬೆಂಕಿ ಬೀಳಲಿ. ನನ್ನದು ಸಂಸಾರ, ಅವಳದು ಅಪರಾಧವೇ? ಯೂನಿಯನ್ನಿನವರ ಹತ್ತಿರ ಹೋಗಿ ಕೂಗಾಡಿದೆ. "ರೂಲ್ ಹೈ," ಎಂದು ಅವರು ಚಹಾ ಹೀರಿದರು.

ಗೇಟಿನ ಹತ್ತಿರ ಅಕ್ಕ ಹೇಳಿದ್ದು ಇಷ್ಟೇ: "ನಿನ್ನ ಹೇಣ್ತಿ ಸಾಲ್ಯಾಗ ಕಲಸ್ತಾಳಲ್ಲ? ಅಕಿ ನೌಕರಿ ಬಿಡಸಬ್ಯಾಡೋ."

ಬಿಡಿಸಲಿಲ್ಲ. ನನ್ನ ಹೆಂಡತಿ ನಿವೃತ್ತಳಾಗುವವರೆಗೂ ಕಲಿಸಿದಳು. ಅದನ್ನು ಹೇಳೋಣವೆಂದು ಹುಡುಕಿಕೊಂಡು ಹೋದಾಗ ಅಕ್ಕ ತೀರಿಹೋಗಿದ್ದಳು. ಕಾರ್ಖಾನೆ ಬಿಟ್ಟ ಮೇಲೆ ಅವಳಿಗೆ ಎಲ್ಲೂ ಅಂಥ ಕೆಲಸ ಸಿಕ್ಕಿರಲೇ ಇಲ್ಲವಂತೆ...

ಈಗ ತಿಂಗಳು ತಿಂಗಳೂ ಇವಳ ಪೆನ್ಶನ್ ಬರುತ್ತದೆ. ಅವತ್ತು ನನಗೆ ಊಟ ಸೇರುವುದಿಲ್ಲ.